ಸ್ಪೋರ್ಟ್ಸ್ ಕಾರಿಗೆ ಹೊಸ ಗಾಲಿ: ಅಂದಕ್ಕೆ ಮೊದಲು ಅಳತೆ

ಸ್ಪೋರ್ಟ್ಸ್ ಕಾರು ಕೊಂಡವರು ಅದಕ್ಕೆ ಮಾಡಿಸುವ ಮೊದಲ ಬದಲಾವಣೆ ಬಹುಪಾಲು ಗಾಲಿಯದೇ ಆಗಿರುತ್ತದೆ. ಅಂಗಡಿಯ ಗೋಡೆಯ ಮೇಲೆ ಕಣ್ಣಿಗೆ ಹಿಡಿಸಿದ ಅಲಾಯ್ ವೀಲನ್ನು ಕೆಳಗಿಳಿಸಿ, ಅದು ಕಾರಿಗೆ ಕೂರುತ್ತದೆಯೇ ಎಂದು ಆಮೇಲೆ ಕೇಳುವುದು ರೂಢಿ. ಈ ಕ್ರಮ ತಲೆಕೆಳಗಾಗಬೇಕು. ಗಾಲಿಯ ಹಿಂಬದಿಯಲ್ಲಿ ಹಬ್ (ಗಾಲಿಯನ್ನು ಬಿಗಿಯುವ, ತಿರುಗುವ ನಡುಭಾಗ), ಬ್ರೇಕ್ ಮತ್ತು ಸಸ್ಪೆನ್ಷನ್ ಇವೆ, ಹೊರಬದಿಯಲ್ಲಿ ಫೆಂಡರಿನ ಅಂಚಿದೆ. ಇವುಗಳ ನಡುವೆ ಎಷ್ಟು ಮಿಲಿಮೀಟರ್ ಜಾಗವಿದೆ ಎಂಬುದು ಗೊತ್ತಾದ ಮೇಲಷ್ಟೇ ವಿನ್ಯಾಸದ ಮಾತು ಎತ್ತಬೇಕು.

ಹೇಗೆಂದು ತೋರಿಸಲು ಮಾಜ್ದಾ ಎಂಎಕ್ಸ್-5 ಕಾರನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. 1989ರ ಫೆಬ್ರುವರಿಯಲ್ಲಿ ಶಿಕಾಗೊ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಎರಡು ಸೀಟಿನ ಕಾರನ್ನು ಕಂಪನಿ ಭಾರತದಲ್ಲಿ ಮಾರುತ್ತಿಲ್ಲ. ಆದರೆ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಇದು ಸುಲಭವಾಗಿ ಕೈಗೆಟಕುವ ಸ್ಪೋರ್ಟ್ಸ್ ಕಾರು. ಅಳೆಯುವ ಮತ್ತು ಲೆಕ್ಕ ಹಾಕುವ ಕ್ರಮ ಯಾವ ಕಾರಿಗಾದರೂ ಒಂದೇ.

ಮೊದಲ ಕೆಲಸ, ಕಾರಿನೊಂದಿಗೆ ಬಂದ ಮೂಲ ಗಾಲಿಯ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವುದು. 2015ರಲ್ಲಿ ಬಂದ ನಾಲ್ಕನೇ ತಲೆಮಾರಿನ ಎಂಎಕ್ಸ್-5ಗೆ ಎರಡು ಬಗೆಯ ಗಾಲಿಗಳಿವೆ: 16 ಇಂಚು ವ್ಯಾಸದ, 6.5 ಇಂಚು ಅಗಲದ ಗಾಲಿಗೆ 195/50 ಆರ್16 ಟಯರ್ (195 ಮಿ.ಮೀ. ಅಗಲ, ಅದರ ಶೇ 50ರಷ್ಟು ಬದಿಯ ಎತ್ತರ, 16 ಇಂಚಿನ ಗಾಲಿಗೆ ಎಂದರ್ಥ). 17 ಇಂಚು ವ್ಯಾಸದ, 7 ಇಂಚು ಅಗಲದ ಗಾಲಿಗೆ 205/45 ಆರ್17 ಟಯರ್. ಎರಡರಲ್ಲೂ ಬೋಲ್ಟುಗಳು ಕೂರುವ ವೃತ್ತದ ಅಳತೆ, ಅಂದರೆ ಪಿಸಿಡಿ, 4×100: ನಾಲ್ಕು ಬೋಲ್ಟು, 100 ಮಿ.ಮೀ. ವ್ಯಾಸದ ವೃತ್ತ. ಆಫ್‌ಸೆಟ್ 45 ಮಿ.ಮೀ.; ಸೆಂಟರ್ ಬೋರ್ 54.1 ಮಿ.ಮೀ. (ಇವೆರಡರ ಅರ್ಥ ಮುಂದೆ ಬರುತ್ತದೆ). ಕಾರಿನ ಹೆಸರನ್ನಷ್ಟೇ ನಂಬಿ ಗಾಲಿ ತರಿಸಿದವರು ಇಲ್ಲಿಯೇ ಎಡವುತ್ತಾರೆ. ಇದಕ್ಕೆ ಹಿಂದಿನ, ಮೂರನೇ ತಲೆಮಾರಿನ ಎಂಎಕ್ಸ್-5ಗೆ ನಾಲ್ಕಲ್ಲ, ಐದು ಬೋಲ್ಟುಗಳು. ಅದರ ಪಿಸಿಡಿ 5×114.3, ಸೆಂಟರ್ ಬೋರ್ 67.1. ತೂಕ ಇಳಿಸುವ ಹಟದಲ್ಲಿ ಎಂಜಿನಿಯರುಗಳು ನಾಲ್ಕನೇ ತಲೆಮಾರಿಗೆ ಮತ್ತೆ ನಾಲ್ಕು ಬೋಲ್ಟಿಗೆ ಮರಳಿದರು. ಜಪಾನಿನಲ್ಲಿ ಮಾರಾಟಕ್ಕೆ ಬಂದ ಅದರ ಅತಿ ಸರಳ ಮಾದರಿ 990 ಕೆ.ಜಿ. ತೂಗುತ್ತಿತ್ತು ಎಂಬುದನ್ನು ನೆನಪಿನಲ್ಲಿಡಿ. ತೂಕದ ಮಾತು ಮುಂದೆ ಬರುತ್ತದೆ.

ಪಿಸಿಡಿಯಲ್ಲಿ ರಾಜಿಗೆ ಎಡೆಯೇ ಇಲ್ಲ. ಹಳೆಯ ಫಿಯಟ್‌ಗಳ 4×98 ಗಾಲಿ 4×100 ಹಬ್ಬಿನ ಮೇಲೆ ಕೂತಂತೆ ಕಾಣಬಹುದು, ನಟ್ ಕೂಡ ಒಂದೆರಡು ಸುತ್ತು ಹಿಡಿಯಬಹುದು, ಆದರೆ ಬೋಲ್ಟುಗಳು ಓರೆಯಾಗಿ ಎಳೆಯಲ್ಪಟ್ಟು ಓಟದಲ್ಲಿ ಸಡಿಲವಾಗುತ್ತವೆ. ನಾಲ್ಕು ಬೋಲ್ಟಿನ ಗಾಲಿಯಾದರೆ ಎದುರುಬದುರು ಇರುವ ಎರಡು ತೂತುಗಳ ನಡುವಿನಿಂದ ನಡುವಿಗೆ ಅಳೆದರೆ ಸಾಕು.

ಸೆಂಟರ್ ಬೋರ್ ಎಂದರೆ ಗಾಲಿಯ ನಟ್ಟನಡುವಿನ ತೂತು. ಒಂದೇ ಅಚ್ಚಿನ ಗಾಲಿಯನ್ನು ಹಲವು ಕಾರುಗಳಿಗೆ ಮಾರಲು ಅನುಕೂಲವಾಗಲೆಂದು ತಯಾರಕರು ಇದನ್ನು ದೊಡ್ಡದಾಗಿಯೇ ಕೊರೆದಿರುತ್ತಾರೆ, 73.1 ಮಿ.ಮೀ. ಬಹಳ ಸಾಮಾನ್ಯ. 54.1 ಮಿ.ಮೀ. ಹಬ್ಬಿನ ಸುತ್ತ ಹಾಗೆ ಉಳಿಯುವ ಜಾಗವನ್ನು ಹಬ್ ರಿಂಗ್ ಎಂಬ ತೆಳು ಬಳೆ ತುಂಬುತ್ತದೆ. ಗೆಳೆಯರೊಬ್ಬರ ಕಾರಿಗೆ ಹೊಸ ಗಾಲಿ ಹಾಕಿದ ಅಂಗಡಿಯವರು ಈ ಬಳೆಯನ್ನು ಕೊಟ್ಟಿರಲಿಲ್ಲ. ಊರೊಳಗೆ ಏನೂ ತಿಳಿಯಲಿಲ್ಲ. ಹೆದ್ದಾರಿಯಲ್ಲಿ 90 ಕಿ.ಮೀ. ವೇಗ ದಾಟುತ್ತಿದ್ದಂತೆ ಸ್ಟಿಯರಿಂಗ್ ಕೈಯಲ್ಲಿ ನಡುಗತೊಡಗಿತು. ಎರಡು ಬಾರಿ ಬ್ಯಾಲೆನ್ಸಿಂಗ್ ಮಾಡಿಸಿದರೂ ನಡುಕ ಹೋಗಲಿಲ್ಲ. ಕೊನೆಗೆ ಗಾಲಿ ಬಿಚ್ಚಿ ನೋಡಿದಾಗ ಹಬ್ಬಿನ ಸುತ್ತ ಬೆರಳಿನ ಉಗುರು ಸಲೀಸಾಗಿ ತೂರುವಷ್ಟು ಸಂದು ಕಂಡಿತು. ನಾಲ್ಕು ಬಳೆ ತಂದು ಹಾಕಿದ ದಿನವೇ ನಡುಕ ನಿಂತಿತು.

ಇನ್ನು ಆಫ್‌ಸೆಟ್. ಗಾಲಿ ಆರಿಸುವಾಗ ಹೆಚ್ಚು ಹೊತ್ತು ಕೂತು ಯೋಚಿಸಬೇಕಾದ ಅಂಕಿ ಇದೇ. ಗಾಲಿಯ ಅಗಲದ ಸರಿಯಾದ ನಡುಗೆರೆಯಿಂದ ಹಬ್ಬಿಗೆ ಒತ್ತಿಕೊಳ್ಳುವ ಮುಖ ಎಷ್ಟು ದೂರದಲ್ಲಿದೆ ಎಂಬುದೇ ಆಫ್‌ಸೆಟ್. ಅಂಕಿ ಕಡಿಮೆಯಾದಷ್ಟೂ ಗಾಲಿ ಹೊರಕ್ಕೆ ಚಾಚುತ್ತದೆ, ಹೆಚ್ಚಾದಷ್ಟೂ ಒಳಕ್ಕೆ ಸರಿಯುತ್ತದೆ. ನಮ್ಮ 17 ಇಂಚಿನ, 7 ಇಂಚು ಅಗಲದ, 45 ಆಫ್‌ಸೆಟ್ಟಿನ ಗಾಲಿಯ ಬದಲು 8 ಇಂಚು ಅಗಲದ್ದನ್ನು ಹಾಕಬೇಕೆಂದುಕೊಳ್ಳಿ. ಹೆಚ್ಚಿದ ಅಗಲ ಒಂದು ಇಂಚು, ಅಂದರೆ 25.4 ಮಿ.ಮೀ.; ಅದರ ಅರ್ಧ, 12.7 ಮಿ.ಮೀ., ಒಳಕ್ಕೆ ಹೋಗುತ್ತದೆ, ಇನ್ನರ್ಧ ಹೊರಕ್ಕೆ. ಹೊಸ ಗಾಲಿಯ ಆಫ್‌ಸೆಟ್ 40 ಆಗಿದ್ದರೆ ಇಡೀ ಗಾಲಿ ಇನ್ನೂ 5 ಮಿ.ಮೀ. ಹೊರಗೆ ಸರಿದು, ಒಳಬದಿಯಲ್ಲಿ 7.7 ಮಿ.ಮೀ., ಹೊರಬದಿಯಲ್ಲಿ 17.7 ಮಿ.ಮೀ. ಜಾಗ ಬೇಡುತ್ತದೆ. ಆಫ್‌ಸೆಟ್ 35 ಆದರೆ ಒಳಗೆ ಬರೀ 2.7, ಹೊರಗೆ 22.7. ಈ ಎರಡು ಅಂಕಿಗಳನ್ನು ನಿಮ್ಮ ಕಾರಿನಲ್ಲಿ ಈಗ ಇರುವ ಜಾಗದೊಂದಿಗೆ ಹೋಲಿಸಿ ನೋಡಿ. ಹೊರಕ್ಕೆ ಚಾಚಿದ ಗಾಲಿ ಅಂದವಾಗಿ ಕಾಣುತ್ತದೆ, ನಿಜ. ಆದರೆ ಅದು ಬೇರಿಂಗಿನ ಮೇಲಿನ ಹೊರೆಯನ್ನು ಹೆಚ್ಚಿಸುತ್ತದೆ, ರಸ್ತೆಯ ಪ್ರತಿ ಕುಳಿಯಲ್ಲೂ ಸ್ಟಿಯರಿಂಗನ್ನು ಎಳೆಯುತ್ತದೆ. ಎಂಎಕ್ಸ್-5ನಂಥ ಕಾರನ್ನು ಜನ ಪ್ರೀತಿಸುವುದೇ ಅದರ ಸ್ಟಿಯರಿಂಗಿನ ನವಿರಿಗಾಗಿ. ಅದನ್ನು ಕಳೆದುಕೊಳ್ಳುವ ಆಯ್ಕೆ ನನಗೆ ಸರಿಯೆನಿಸುವುದಿಲ್ಲ.

ಬಳಸಿದ ಗಾಲಿ ಕೊಳ್ಳುವವರು ಗಾಲಿಯ ಹಿಂಬದಿಯಲ್ಲಿ ಅಚ್ಚಾಗಿರುವ ಅಂಕಿಗಳನ್ನು ಓದಲೇಬೇಕು. ಜೆ ಅಕ್ಷರದ ಪಕ್ಕದ್ದು ಅಗಲ, ಇಟಿ ಎಂಬುದರ ಪಕ್ಕದ್ದು ಆಫ್‌ಸೆಟ್. ಅಂಕಿ ಸವೆದಿದ್ದರೆ ಹಳೆಯ ಕಂಬಳಿಯ ಮೇಲೆ ಗಾಲಿಯನ್ನು ಮುಖ ಕೆಳಗಾಗಿ ಮಲಗಿಸಿ, ಹಿಂಬದಿಯ ಅಂಚಿನ ಮೇಲೆ ನೇರ ಪಟ್ಟಿಯೊಂದನ್ನು ಅಡ್ಡ ಇಟ್ಟು, ಪಟ್ಟಿಯಿಂದ ಹಬ್ ಮುಖದವರೆಗೆ ಅಳೆಯಿರಿ. ಅದರಿಂದ ಗಾಲಿಯ ಒಟ್ಟು ಅಗಲದ ಅರ್ಧವನ್ನು ಕಳೆದರೆ ಆಫ್‌ಸೆಟ್ ಸಿಗುತ್ತದೆ. ಒಟ್ಟು ಅಗಲವೆಂದರೆ ಅಂಚಿನಿಂದ ಅಂಚಿಗೆ. ಇದು ನಮೂದಿತ ಅಗಲಕ್ಕಿಂತ ಸುಮಾರು ಒಂದು ಇಂಚು ಹೆಚ್ಚಿರುತ್ತದೆ ಎಂಬುದನ್ನು ಮರೆಯಬಾರದು. ಅಲ್ಲಿಯೇ ಗಾಲಿಯನ್ನು ನಿಧಾನವಾಗಿ ಉರುಳಿಸಿ, ಒಳ ಅಂಚಿನಲ್ಲಿ ಸೊಟ್ಟ, ಬಿರುಕು, ವೆಲ್ಡಿಂಗ್ ಗುರುತು ಇವೆಯೇ ಎಂದು ಬೆರಳಾಡಿಸಿ ನೋಡಿ. ವೆಲ್ಡ್ ಮಾಡಿದ ಗಾಲಿಯನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡವೆನ್ನಿ.

ಮುಂದಿನದು ವ್ಯಾಸ. ದೊಡ್ಡ ಗಾಲಿ ಒಳ್ಳೆಯ ಗಾಲಿ ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಆದರೆ ಮಾಜ್ದಾ ಜಪಾನಿನಲ್ಲಿ 1.5 ಲೀಟರ್ ಎಂಜಿನ್ನಿನ ಕಾರಿಗೆ 16 ಇಂಚನ್ನೇ ಸಾಕೆಂದು ಕೊಟ್ಟಿತು. ದೊಡ್ಡ ಗಾಲಿ ಸಾಮಾನ್ಯವಾಗಿ ಭಾರವೂ ಆಗಿರುತ್ತದೆ. ಗಾಲಿಯಂತೆ ಸ್ಪ್ರಿಂಗಿನ ಕೆಳಗೆ ಇರುವ ತೂಕ ಕಡಿಮೆಯಾದಷ್ಟೂ ಟಯರು ರಸ್ತೆಯ ಏರಿಳಿತವನ್ನು ಬೇಗ ಅನುಸರಿಸಿ ಹಿಡಿತ ಕಾಯ್ದುಕೊಳ್ಳುತ್ತದೆ. ಜೊತೆಗೆ ಗಾಲಿ ತಿರುಗುವ ವಸ್ತುವಾದ್ದರಿಂದ ಅದರ ಅಂಚಿನ ತೂಕವನ್ನು ಪ್ರತಿ ಬಾರಿಯೂ ಓಡಿಸಲು, ನಿಲ್ಲಿಸಲು ಎಂಜಿನ್ ಮತ್ತು ಬ್ರೇಕು ಶ್ರಮಿಸಬೇಕು. ಈ ಅರಿವಿನಿಂದ ಹುಟ್ಟಿದ ಗಾಲಿಗಳಲ್ಲಿ ಜಪಾನಿನ ರೇಯ್ಸ್ ಕಂಪನಿಯ ಟಿಇ37 ಹೆಸರಾದದ್ದು. 15 ಇಂಚಿನ ಗಾಲಿಯ 3.7 ಕೆ.ಜಿ. ತೂಕವೇ ಅದರ ಹೆಸರಿನ ಅಂಕಿಯಾಯಿತು. ಆದ್ದರಿಂದ ಅಂಗಡಿಗೆ ಹೋಗುವಾಗ ಒಂದು ತೂಗುಯಂತ್ರ ಜೊತೆಗಿರಲಿ. ಮೂಲ ಗಾಲಿಗಿಂತ ಭಾರವಾದುದನ್ನು ಸ್ಪೋರ್ಟ್ಸ್ ಕಾರಿಗೆ ಹಾಕುವುದು ಹಣ ಕೊಟ್ಟು ಕಾರನ್ನು ಕೆಡಿಸಿಕೊಂಡಂತೆ.

ತೂಕ ಮತ್ತು ಬಲ ಎರಡನ್ನೂ ತೀರ್ಮಾನಿಸುವುದು ಗಾಲಿ ತಯಾರಾದ ಬಗೆ. ಕರಗಿಸಿದ ಅಲ್ಯೂಮಿನಿಯಂ ಮಿಶ್ರಲೋಹವನ್ನು ಅಚ್ಚಿಗೆ ಸುರಿದು ಮಾಡಿದ ಕಾಸ್ಟ್ ಗಾಲಿ ಅಗ್ಗ, ಆದರೆ ಬಲಕ್ಕಾಗಿ ದಪ್ಪವಾಗಿರಬೇಕು. ಅಂಥದ್ದನ್ನೇ ಬಿಸಿಮಾಡಿ, ತಿರುಗಿಸುತ್ತ, ರೋಲರಿನಿಂದ ಒತ್ತಿ ಸುತ್ತಿನ ಭಾಗವನ್ನು ತೆಳುವಾಗಿಸಿದರೆ ಅದು ಫ್ಲೋ ಫಾರ್ಮ್ಡ್. ಗಟ್ಟಿ ಲೋಹದ ತುಂಡನ್ನು ಭಾರೀ ಒತ್ತಡದಲ್ಲಿ ಜಜ್ಜಿ ರೂಪಿಸಿದ ಫೋರ್ಜ್ಡ್ ಗಾಲಿ ಎಲ್ಲಕ್ಕಿಂತ ಹಗುರ, ಬಲವಾದದ್ದು, ದುಬಾರಿ. ರಸ್ತೆಯಲ್ಲೂ ಅಪರೂಪಕ್ಕೆ ಟ್ರ್ಯಾಕಿನಲ್ಲೂ ಓಡಿಸುವವರಿಗೆ ಫ್ಲೋ ಫಾರ್ಮ್ಡ್ ಸಾಕೆಂಬುದು ನನ್ನ ಅಭಿಪ್ರಾಯ. ಯಾವುದೇ ಆದರೂ ಜೆಡಬ್ಲ್ಯುಎಲ್ ಅಥವಾ ವಿಐಎ ಎಂಬ ಜಪಾನಿನ ಪರೀಕ್ಷಾ ಗುರುತು, ಇಲ್ಲವೇ ಜರ್ಮನಿಯ ಟಿಯುವಿ ಪ್ರಮಾಣಪತ್ರ, ಮತ್ತು ಗಾಲಿ ಹೊರಬಲ್ಲ ಭಾರದ ಅಂಕಿ ಇರಲೇಬೇಕು. ಹೆಸರಾಂತ ವಿನ್ಯಾಸಗಳ ನಕಲುಗಳು ಸಿಕ್ಕುಬೀಳುವುದೂ ಇಲ್ಲಿಯೇ.

ಟಯರಿನ ಹೊರವ್ಯಾಸವನ್ನೂ ಲೆಕ್ಕ ಹಾಕಿ. 205/45 ಆರ್17 ಟಯರಿನ ವ್ಯಾಸ 616 ಮಿ.ಮೀ.; 225/45 ಆರ್17 ಹಾಕಿದರೆ ಅದು 634 ಆಗುತ್ತದೆ, ಸುಮಾರು ಶೇ 3 ಹೆಚ್ಚು. ಸ್ಪೀಡೋಮೀಟರ್ ಮೊದಲಿಗಿಂತ ಅಷ್ಟು ಕಡಿಮೆ ತೋರಿಸುತ್ತದೆ.

ಲೆಕ್ಕ ಸರಿಹೊಂದಿದ ಮೇಲೂ ಒಂದು ಗಾಲಿಯನ್ನು ಟಯರ್ ಇಲ್ಲದೆ ಹಬ್ಬಿಗೆ ಹಾಕಿ ನೋಡುವುದು ಲೇಸು. ಬ್ರೆಂಬೊ ಕಂಪನಿಯ ದೊಡ್ಡ ಬ್ರೇಕ್ ಇರುವ ಎಂಎಕ್ಸ್-5ಗೆ ಎಲ್ಲ 16 ಇಂಚಿನ ಗಾಲಿಗಳೂ ಕೂರುವುದಿಲ್ಲ. ಕೆಲವದರ ಕಡ್ಡಿಗಳು ಬ್ರೇಕಿನ ಬಿಲ್ಲೆಯನ್ನು ಹಿಡಿಯುವ ಕ್ಯಾಲಿಪರಿಗೆ ತಗಲುತ್ತವೆ. ಮಕ್ಕಳು ಆಟಕ್ಕೆ ಬಳಸುವ ಕ್ಲೇ ಚೂರೊಂದನ್ನು ಕ್ಯಾಲಿಪರಿನ ಉಬ್ಬಿಗೆ ಅಂಟಿಸಿ, ಗಾಲಿಯನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ತೆಗೆಯಿರಿ. ಉಳಿದ ಕ್ಲೇ 3 ಮಿ.ಮೀ.ಗಿಂತ ತೆಳುವಾಗಿದ್ದರೆ ಆ ಗಾಲಿ ಬೇಡ. ಬಳಿಕ ಟಯರ್ ಹಾಕಿಸಿ, ಕಾರನ್ನು ನೆಲಕ್ಕಿಳಿಸಿ, ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಎಲ್ಲಿಯಾದರೂ ಉಜ್ಜುತ್ತದೆಯೇ ಎಂದು ನೋಡಬೇಕು.

ಕಾನೂನನ್ನೂ ಮೊದಲೇ ವಿಚಾರಿಸಿಕೊಳ್ಳಿ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ಹೊಂದದ ಬದಲಾವಣೆಯನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ನಮ್ಮಲ್ಲಿನ ಕಾರುಗಳಿಗೆ, ಅದೇ ಮಾದರಿಯ ಮೇಲಿನ ಶ್ರೇಣಿಗೆ ಕಂಪನಿಯೇ ಕೊಟ್ಟಿರುವ ಅಳತೆಯನ್ನು ದಾಟದಿರುವುದು ಕ್ಷೇಮ.

ಕೊನೆಯದಾಗಿ ನಟ್. ಹೊಸ ಗಾಲಿಯ ತೂತಿನ ಆಕಾರಕ್ಕೆ ನಟ್ಟಿನ ಬುಡ ಹೊಂದಬೇಕು: ಹೋಂಡಾದ ಮೂಲ ನಟ್ ಗೋಳಾಕಾರ, ಮಾರುಕಟ್ಟೆಯ ಬಹುತೇಕ ಗಾಲಿಗಳಿಗೆ ಬೇಕಾದುದು 60 ಡಿಗ್ರಿಯ ಶಂಕುವಿನಾಕಾರ. ಎಂಎಕ್ಸ್-5ರ ನಟ್ಟುಗಳನ್ನು ಎದುರುಬದುರಾಗಿ, ಟಾರ್ಕ್ ರೆಂಚಿನಿಂದ, 108ರಿಂದ 147 ನ್ಯೂಟನ್ ಮೀಟರಿನೊಳಗೆ ಬಿಗಿಯಬೇಕು. ಗಾಳಿಯೊತ್ತಡದ ಗನ್ನಿನಿಂದ ಬಿಗಿದು ಮುಗಿಸಲು ಬಿಡಬೇಡಿ. ಹೊಸ ಗಾಲಿ ಹಬ್ಬಿನ ಮೇಲೆ ಕೂತುಕೊಳ್ಳುವಾಗ ಬಿಗಿತ ಸ್ವಲ್ಪ ಇಳಿಯುವುದರಿಂದ, 80ರಿಂದ 100 ಕಿ.ಮೀ. ಓಡಿದ ಮೇಲೆ, ಗಾಲಿ ತಣ್ಣಗಾಗಿರುವಾಗ, ಅದೇ ರೆಂಚನ್ನು ಮತ್ತೊಮ್ಮೆ ಎಲ್ಲ ನಟ್ಟುಗಳ ಮೇಲೆ ಇಟ್ಟು ನೋಡಿ.