350ನೇ ಜಾಗದ ಒಂದಕ್ಷರ: ಎಚ್‌ಪಿವಿ 16 ವೇರಿಯಂಟ್‌ಗಳ ಜೊತೆ ನನ್ನ ಅನುಭವ

ಎಚ್‌ಪಿವಿ 16, ಅಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್‌ನ 16ನೇ ಟೈಪ್, ಸಿಕ್ಕಿದ ಮಾದರಿಗಳಲ್ಲಿ ಇ6, ಇ7 ಎಂಬ ಎರಡು ಜೀನ್‌ಗಳನ್ನು ಓದುವುದು ನನ್ನ ಕೆಲಸ. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಒಂದೇ ಟೈಪ್‌ನಿಂದ ಬರುತ್ತವೆ. ಜೀವಕೋಶ ಅಂಕೆ ಮೀರಿ ಬೆಳೆಯದಂತೆ ತಡೆಯುವ ಪಿ53 ಪ್ರೋಟೀನನ್ನು ಇ6 ಕೆಡಿಸುತ್ತದೆ, ಅದೇ ಥರ ತಡೆಯುವ ಆರ್‌ಬಿ ಪ್ರೋಟೀನನ್ನು ಇ7 ಕೆಡಿಸುತ್ತದೆ. ವೈರಸ್‌ನ ಇಡೀ ಡಿಎನ್‌ಎ ಸುಮಾರು 7,900 ಅಕ್ಷರ (ಎ, ಸಿ, ಜಿ, ಟಿ) ಅಷ್ಟೆ.

ಈ ಟೈಪ್‌ನೊಳಗೇ ಎ, ಬಿ, ಸಿ, ಡಿ ಎಂಬ ಕವಲುಗಳಿವೆ. ಹೀಗೆ ಕೆಲವು ಅಕ್ಷರ ಬೇರೆಯಾದ ರೂಪಗಳನ್ನೇ ವೇರಿಯಂಟ್ ಎನ್ನುವುದು. ಎ1ರಿಂದ ಎ3 ಯುರೋಪಿನಲ್ಲಿ ಹೆಚ್ಚು, ಎ4 ಪೂರ್ವ ಏಷ್ಯಾದಲ್ಲಿ, ಬಿ ಮತ್ತು ಸಿ ಆಫ್ರಿಕಾದಲ್ಲಿ, ಡಿ ಅಮೆರಿಕ ಖಂಡಗಳಲ್ಲಿ. ದೊಡ್ಡ ಅಧ್ಯಯನಗಳಲ್ಲಿ ಎ4, ಡಿ2, ಡಿ3ಗೆ ಅಪಾಯ ಜಾಸ್ತಿ ಎಂದು ಕಂಡಿದೆ. ಗ್ರಂಥಿಯ ಕೋಶಗಳಿಂದ ಹುಟ್ಟುವ ಕ್ಯಾನ್ಸರ್‌ನಲ್ಲಿ ಡಿ2, ಡಿ3ರ ನಂಟು ಇನ್ನೂ ಬಿಗಿ.

ಪಿಸಿಆರ್‌ಗೆ (ಡಿಎನ್‌ಎಯ ಒಂದು ಭಾಗವನ್ನು ಲಕ್ಷಾಂತರ ಪ್ರತಿ ಮಾಡುವ ವಿಧಾನ) ಪ್ರೈಮರ್‌ಗಳನ್ನು, ಅಂದರೆ ಪ್ರತಿ ಶುರುವಾಗುವ ಜಾಗ ಗುರುತಿಸುವ ಡಿಎನ್‌ಎ ಚೂರುಗಳನ್ನು, ಜೀನ್‌ನ ಹೊರಗೇ ಕೂರಿಸುತ್ತೇನೆ, ಇಲ್ಲದಿದ್ದರೆ ಜೀನ್‌ನ ತುದಿಗಳು ಓದಿಗೆ ಸಿಗುವುದಿಲ್ಲ. ತಲೆನೋವು ಕೊಡುವುದು ಹಳೆಯ ಪ್ಯಾರಾಫಿನ್ ಬ್ಲಾಕ್‌ಗಳು, ಅಂದರೆ ಫಾರ್ಮಾಲಿನ್‌ನಲ್ಲಿ ಕೆಡದಂತೆ ಮಾಡಿ ಮೇಣದಲ್ಲಿ ಇಟ್ಟ ಅಂಗಾಂಶದ ತುಂಡುಗಳು. ಫಾರ್ಮಾಲಿನ್ ಡಿಎನ್‌ಎಯನ್ನು ಚೂರುಚೂರು ಮಾಡುತ್ತದೆ. ಹಾಗಾಗಿ ಚಿಕ್ಕ ಚಿಕ್ಕ ತುಂಡುಗಳಾಗಿ, ಒಂದರ ತುದಿ ಇನ್ನೊಂದರ ಮೇಲೆ ಸ್ವಲ್ಪ ಬರುವಂತೆ ಓದಬೇಕು. ಜೊತೆಗೆ ಫಾರ್ಮಾಲಿನ್‌ನಿಂದಾಗಿ ಸಿ ಅಕ್ಷರ ಟಿ ಎಂದು ಕಾಣುತ್ತದೆ. ನಮ್ಮ ದೇಹದ ಅಪೊಬೆಕ್ ಕಿಣ್ವಗಳೂ ವೈರಸ್‌ನಲ್ಲಿ ಇದೇ ಬದಲಾವಣೆ ಮಾಡುತ್ತವೆ. ಯಾವುದು ನಿಜ, ಯಾವುದು ಫಾರ್ಮಾಲಿನ್ ಕಿತಾಪತಿ? ಅದೇ ಡಿಎನ್‌ಎಯಿಂದ ಇನ್ನೊಂದು ಪಿಸಿಆರ್ ಬೇರೆಯಾಗಿ ಮಾಡುತ್ತೇನೆ. ಫಾರ್ಮಾಲಿನ್ ಹಾನಿ ಎಲ್ಲೆಂದರಲ್ಲಿ ಆಗುವಂಥದ್ದು, ಸಾಮಾನ್ಯವಾಗಿ ಎರಡನೇ ಸಲ ಅದೇ ಜಾಗದಲ್ಲಿ ಬರುವುದಿಲ್ಲ. ಎರಡರಲ್ಲೂ ಬಂದರೆ ಮಾತ್ರ ಬರೆದುಕೊಳ್ಳುತ್ತೇನೆ. ಅಕ್ಷರಗಳನ್ನು ತೋರಿಸುವ ಗ್ರಾಫ್‌ನಲ್ಲಿ ಒಂದೇ ಜಾಗದಲ್ಲಿ ಎರಡು ಶಿಖರ ಎದ್ದಿದ್ದರೆ ಎರಡು ವೇರಿಯಂಟ್ ಒಟ್ಟಿಗಿರಬಹುದು. ಅದನ್ನು ಪಕ್ಕಕ್ಕಿಡುತ್ತೇನೆ.

ಇ6ನ 350ನೇ ಜಾಗದಲ್ಲಿ (ಈ ಸಂಖ್ಯೆಗಳು ವೈರಸ್‌ನ ಇಡೀ ಡಿಎನ್‌ಎಯ ಎಣಿಕೆ) ಟಿ ಹೋಗಿ ಜಿ ಬಂದರೆ ಪ್ರೋಟೀನ್‌ನ 83ನೇ ಸ್ಥಾನದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲದ ಬದಲು ವ್ಯಾಲಿನ್ ಕೂರುತ್ತದೆ. ಕೆಲವು ಲೇಖನಗಳು ಇದನ್ನೇ 90ನೇ ಸ್ಥಾನ ಎನ್ನುತ್ತವೆ, ಯಾಕೆಂದರೆ ಎಣಿಕೆ ಶುರುವಾಗುವ ಜಾಗ ಬೇರೆ. ಕೋಷ್ಟಕ ಹೋಲಿಸುವ ಮುಂಚೆ ನಾನು ಮೊದಲು ನೋಡುವುದು ಇದನ್ನೇ. ಇನ್ನೊಂದು ಸಂಗತಿ: ಈ ಬದಲಾವಣೆ ಎ ಕವಲಿನಲ್ಲೂ ಇದೆ, ಡಿಯಲ್ಲೂ ಇದೆ. ಡಿಯಲ್ಲಿ 145 ಮತ್ತು 335ನೇ ಜಾಗಗಳೂ ಬದಲಾಗಿರುತ್ತವೆ. ಹಾಗಾಗಿ ಒಂದೇ ಅಕ್ಷರ ನೋಡಿ "ಅಪಾಯದ ವೇರಿಯಂಟ್" ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಎ4 ಹಿಡಿಯಲು ಇ6ನ 178 ಮತ್ತು ಇ7ನ 647 ಎರಡನ್ನೂ ನೋಡುತ್ತೇನೆ.

ಅಸಲಿ ಕಷ್ಟ ಹೋಲಿಕೆಯಲ್ಲಿದೆ. ಕ್ಯಾನ್ಸರ್ ಇರುವವರ ವೈರಸ್‌ನ್ನು ಯಾರ ವೈರಸ್ ಜೊತೆ ಹೋಲಿಸಬೇಕು? ಎಚ್‌ಪಿವಿ 16 ಇದ್ದೂ ಕಾಯಿಲೆಯಿಲ್ಲದ, ಅದೇ ಜನಸಮುದಾಯದ, ಹತ್ತಿರದ ವಯಸ್ಸಿನ ಮಹಿಳೆಯರ ಜೊತೆ. ಕ್ಯಾನ್ಸರ್ ಮಾದರಿ ಒಂದು ಖಂಡದ್ದು, ಹೋಲಿಕೆಯ ಮಾದರಿ ಇನ್ನೊಂದರದ್ದು ಆದರೆ ಕಾಣುವುದು ಭೂಗೋಳ, ಅಪಾಯ ಅಲ್ಲ. ಅಲ್ವಾ? ಸ್ವೀಡನ್‌ನ ಕ್ಯಾನ್ಸರ್ ಮಾದರಿಗಳಲ್ಲಿ 350ರ ಬದಲಾವಣೆ ಎದ್ದು ಕಂಡಿತ್ತು, ಯುರೋಪಿನ ಬೇರೆ ಕಡೆ ಅದೇ ಚಿತ್ರ ಬರಲಿಲ್ಲ. ರೋಗನಿರೋಧಕ ವ್ಯವಸ್ಥೆಗೆ ವೈರಸ್‌ನ ಚೂರುಗಳನ್ನು ತೋರಿಸುವ ಎಚ್‌ಎಲ್‌ಎ ಜೀನ್‌ಗಳು ಜನರಿಂದ ಜನರಿಗೆ ಬೇರೆ ಇರುವುದು ಒಂದು ಕಾರಣ ಇರಬಹುದು. ಅಮೆರಿಕದಲ್ಲಿ 2006ರಲ್ಲಿ ಬಂದ ಅಧ್ಯಯನವೊಂದರಲ್ಲಿ ಯುರೋಪಿನ ವೇರಿಯಂಟ್ ಬಿಳಿಯ ಮಹಿಳೆಯರಲ್ಲಿ, ಆಫ್ರಿಕಾದ್ದು ಆಫ್ರಿಕನ್ ಅಮೆರಿಕನ್ ಮಹಿಳೆಯರಲ್ಲಿ ಹೆಚ್ಚು ಕಾಲ ಉಳಿದಿತ್ತು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇ7. 2017ರಲ್ಲಿ 5,000ಕ್ಕೂ ಹೆಚ್ಚು ಎಚ್‌ಪಿವಿ 16 ಜೀನೋಮ್‌ಗಳನ್ನು (ಇಡೀ ಡಿಎನ್‌ಎಗಳನ್ನು) ಓದಿದ ಅಧ್ಯಯನ ಬಂದಾಗ, ಕ್ಯಾನ್ಸರ್ ಮಾದರಿಗಳಲ್ಲಿ ಇ7 ಬಹುತೇಕ ಬದಲಾಗದೆ ಉಳಿದಿತ್ತು. ಅಪರೂಪದ ಬದಲಾವಣೆಗಳು ಜಾಸ್ತಿ ಸಿಕ್ಕಿದ್ದು ಕ್ಯಾನ್ಸರ್ ಇಲ್ಲದವರಲ್ಲಿ. ನಾವೆಲ್ಲ ಬದಲಾವಣೆಯ ಬೆನ್ನು ಹತ್ತಿದ್ದರೆ, ಇಲ್ಲಿ ಬದಲಾಗದೇ ಇರುವುದೇ ಸುದ್ದಿ.

ವೈದ್ಯರಿಗೆ ಹೋಗುವ ವರದಿಯಲ್ಲಿ ನಾನು ಕವಲಿನ ಹೆಸರು ಬರೆಯುವುದಿಲ್ಲ. ಮುಂದಿನ ತಪಾಸಣೆ ತೀರ್ಮಾನಿಸಲು ಟೈಪ್ 16 ಎಂದು ಗೊತ್ತಾದರೆ ಸಾಕು. ಲಸಿಕೆಯ ಮಟ್ಟಿಗೂ ಈ ಕವಲುಗಳೆಲ್ಲ ಒಂದೇ ಟೈಪ್.