ಕಡ್ಲೆಬೀಜದಲ್ಲಿ ಕೇಂದ್ರ ಬಜೆಟ್: ನನ್ನ ಅನುಭವ

"ಇದು ಪಾಠನೋ ಕಡ್ಲೆಕಾಯಿ ಪರಿಷೆನೋ ಮೇಡಂ?" ಅಂತ, ಕಡ್ಲೆಬೀಜ ಹರಡಿ ಬಜೆಟ್ ಪಾಠ ಮಾಡುವುದನ್ನು ಕಂಡು ನಮ್ಮ ಎಚ್.ಎಂ. (ಮುಖ್ಯ ಶಿಕ್ಷಕರು) ಕೇಳಿದ್ದರು. ಸ್ಟಾಫ್ ರೂಮಲ್ಲಿ ಎಲ್ಲರೂ ನಕ್ಕರು. ಈ ವರ್ಷ ಅವರೇ ಪಕ್ಕದ ಸೆಕ್ಷನ್‌ಗೂ ಮಾಡಿ ಅಂದಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಹತ್ತನೇ ಕ್ಲಾಸಿಗೆ ಸಾರ್ವಜನಿಕ ವೆಚ್ಚ ಹೇಳಿಕೊಡುವುದು ಎಷ್ಟು ಸಪ್ಪೆ ಅಂತ ನಿಮಗೂ ಗೊತ್ತು. ಮೊದಲು ಚಾರ್ಟ್ ಮೇಲೆ ಬಣ್ಣದ ವೃತ್ತ ಬರೆಸಿದೆ. ಬಣ್ಣ ಚೆನ್ನಾಗಿ ಬಂತು, ಅಷ್ಟೇ. ಆಮೇಲೆ ಇಡೀ ಬಜೆಟ್ ಅಂತ ನೂರು ಚೀಟಿ ಮಾಡಿದೆ. ಬಾಹ್ಯಾಕಾಶಕ್ಕೆ ಕಾಲು ಚೀಟಿ ಬಂತು. ಹರಿದ ಆ ಚೂರು ಫ್ಯಾನ್ ಗಾಳಿಗೆ ಬೆಂಚಿನ ಕೆಳಗೆ ಹೋಯಿತು. ಪೀರಿಯಡ್ ಪೂರ್ತಿ ಅದನ್ನು ಹುಡುಕುವುದರಲ್ಲೇ ಮುಗಿಯಿತು.

ಕೊನೆಗೆ ಬೀಜದ ಲೆಕ್ಕ ಹಿಡಿದೆ. 2025-26ರ ಕೇಂದ್ರ ಬಜೆಟ್ ಸುಮಾರು 50.65 ಲಕ್ಷ ಕೋಟಿ. ಒಂದು ಬೀಜಕ್ಕೆ ಸಾವಿರ ಕೋಟಿ ಅಂದರೆ 5,065 ಬೀಜ. ಹುಣಸೆಬೀಜ ಪುಕ್ಕಟೆ ಸಿಗುತ್ತಿತ್ತು, ಆದರೆ ಅದು ಸುಲಭವಾಗಿ ಎರಡು ಹೋಳಾಗುವುದಿಲ್ಲ. ಹೋಳು ಯಾಕೆ ಬೇಕು ಅಂತ ಮುಂದೆ ಹೇಳುತ್ತೇನೆ. ಕಡ್ಲೆಬೀಜ ಮೂರು ಕೆ.ಜಿ. ತಂದೆ. ಸುಮಾರು 450 ರೂಪಾಯಿ, ನನ್ನ ಕೈಯಿಂದಲೇ. ಒಂದೊಂದಾಗಿ ಎಣಿಸುತ್ತಾ ಕೂರಬೇಡಿ. ನೂರು ಬೀಜ ತೂಗಿದರೆ 45 ಗ್ರಾಂ ಆಸುಪಾಸು ಬಂತು, ಉಳಿದದ್ದನ್ನೆಲ್ಲ ತಕ್ಕಡಿಯಲ್ಲೇ ಅಳೆದೆ.

ಮೊದಲ ಸಲ ಹುರಿದ ಬೀಜ ತಂದದ್ದು ನನ್ನ ದಡ್ಡತನ. ಅರ್ಧ ಗಂಟೆಯಲ್ಲಿ ರಕ್ಷಣಾ ಇಲಾಖೆ ಕರಗಿತು. "ಮಿಸ್, ಬಜೆಟ್ ತಿಂದುಬಿಟ್ರು" ಅಂತ ಹಿಂದಿನ ಬೆಂಚಿನಿಂದ ದೂರು! ಎರಡನೇ ಸಲದಿಂದ ಹಸಿ ಬೀಜ.

ಲೆಕ್ಕ ಹೇಳುವ ಮೊದಲು ಗುಂಪು ಗುಂಪಾಗಿ ಅವರೇ ಹಂಚಬೇಕು. ಅದಕ್ಕೂ ಮುಂಚೆ ನಾನೊಂದು ಪ್ರಶ್ನೆ ಕೇಳುತ್ತೇನೆ. ಅದನ್ನು ಇಲ್ಲಿ ಹೇಳುವುದಿಲ್ಲ, ಎರಡು ವರ್ಷ ಒದ್ದಾಡಿ ಕಂಡುಕೊಂಡದ್ದು. ನಮ್ಮ ಮಕ್ಕಳು ಇಸ್ರೋಗೆ ಮುನ್ನೂರು, ನಾನೂರು ಬೀಜ ಸುರಿದರು. ಪೀಣ್ಯದ ಇಸ್ಟ್ರಾಕ್ (ಇಸ್ರೋದ ನಿಯಂತ್ರಣ ಕೇಂದ್ರ) ನಮ್ಮ ಶಾಲೆಯಿಂದ ದೂರವೇನಲ್ಲ, 2023ರ ಆಗಸ್ಟ್ 23ರಂದು ಚಂದ್ರಯಾನ ಇಳಿದದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದವರೇ. ಬಾಹ್ಯಾಕಾಶ ಇಲಾಖೆಗೆ ನಿಜಕ್ಕೂ ಸಿಕ್ಕಿದ್ದು 13 ಬೀಜ. ಅಂಗೈಯಲ್ಲಿ ಹಿಡಿದರೆ ಮುಷ್ಟಿ ಕೂಡ ತುಂಬಲಿಲ್ಲ. ನರೇಗಾಕ್ಕೆ 86, ಆರೋಗ್ಯಕ್ಕೆ ಹತ್ತಿರ ಹತ್ತಿರ ನೂರು, ಶಿಕ್ಷಣಕ್ಕೆ 128, ರಕ್ಷಣೆಗೆ 681. ಸರ್ಕಾರದ ಸಾಲದ ಬಡ್ಡಿಗೆ 1,276! ಆ ರಾಶಿ ಹಾಕಿದಾಗ ಕ್ಲಾಸು ತಣ್ಣಗಾಯಿತು. "ಮನೆಗೆ ಸಾಲ ಮಾಡಿದ್ದಾರೆ, ನಮ್ಮಪ್ಪನೂ ಹಿಂಗೇ ಕಟ್ತಾರೆ" ಅಂದ ಒಬ್ಬ.

ಇನ್ನು ಹೋಳಿನ ವಿಷಯ. ಚಂದ್ರಯಾನ-3ಕ್ಕೆ ಖರ್ಚಾದದ್ದು ಸುಮಾರು 615 ಕೋಟಿ. ಒಂದು ಬೀಜ ಬಿಡಿಸಿ ಒಂದು ಬೇಳೆ ತೋರಿಸಿದೆ, ಜೊತೆಗೊಂದು ಚೂರು. "ಚಂದ್ರನಿಗೆ ಹೋಗಿದ್ದು ಇಷ್ಟರಲ್ಲಾ ಮಿಸ್?" ಅಂತ ಸಾಲಿನಲ್ಲಿ ನಿಂತು ನೋಡಿದರು.

ಒಬ್ಬಳು ಪೇಪರ್ ಕಟಿಂಗ್ ತಂದು ನನ್ನನ್ನೇ ಸಿಕ್ಕಿಸಿದಳು. ಅದರಲ್ಲಿ ಸರ್ಕಾರ ಖರ್ಚು ಮಾಡುವ ಒಂದು ರೂಪಾಯಿಯಲ್ಲಿ ಬಡ್ಡಿಗೆ 20 ಪೈಸೆ, ನಮ್ಮ ರಾಶಿಯಲ್ಲಿ ಕಾಲು ಭಾಗ. ಯಾವುದು ಸರಿ? ಅವತ್ತು ತಬ್ಬಿಬ್ಬಾದೆ. ಮನೆಗೆ ಹೋಗಿ ಕೂಡಿಸಿ ಕಳೆದ ಮೇಲೆ ಗೊತ್ತಾಯಿತು. ಪೇಪರಿನ ರೂಪಾಯಿಯಲ್ಲಿ ರಾಜ್ಯಗಳ ತೆರಿಗೆ ಪಾಲೂ ಸೇರಿದೆ, ಅದೇ 22 ಪೈಸೆ. 50.65 ಲಕ್ಷ ಕೋಟಿಯಲ್ಲಿ ಅದು ಇಲ್ಲ. ಎರಡೂ ಸರಿಯೇ. ಮಾರನೇ ದಿನ ಅವಳಿಂದಲೇ ಬೋರ್ಡ್ ಮೇಲೆ ಬಿಡಿಸಿದೆ.

ನಡುವೆ ರಾಗಿಯದ್ದೂ ಒಂದು ಹುಚ್ಚು ಹತ್ತಿತ್ತು. ಒಂದು ಕಾಳು ಒಂದು ಕೋಟಿ. ಸಾವಿರ ಕಾಳು ಮೂರು ಗ್ರಾಂ ಕೂಡ ತೂಗಲಿಲ್ಲ, ಹಾಗಾಗಿ ಪೂರ್ತಿ ಬಜೆಟ್‌ಗೆ ಹದಿಮೂರು, ಹದಿನಾಲ್ಕು ಕೆ.ಜಿ. ಬೇಕು. ಚಂದ್ರಯಾನ ಒಂದು ಚಿಟಿಕೆ. ನೋಡಲು ಚೆಂದ, ಆದರೆ ಚೆಲ್ಲಿದರೆ ಗುಡಿಸುವವರು ಯಾರು? ಆಯಾ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಈ ಸಲ ರಾಜ್ಯ ಬಜೆಟ್ಟೂ ಮಾಡಿದೆ. 2025-26ಕ್ಕೆ ಸುಮಾರು 4.09 ಲಕ್ಷ ಕೋಟಿ, ಅಂದರೆ 409 ಬೀಜ. ಒಂದು ಪಾವಿನಲ್ಲಿ ಹಿಡಿಸಿತು. ಶಿಕ್ಷಣಕ್ಕೆ 45, ಐದು ಗ್ಯಾರಂಟಿಗಳಿಗೆ 51. ಗ್ಯಾರಂಟಿ ಬೀಜ ಇಟ್ಟದ್ದೇ ತಡ, ಹುಡುಗಿಯರು ಒಂದು ಕಡೆ, ಹುಡುಗರು ಒಂದು ಕಡೆ. "ನಿಮಗೆ ಬಸ್ ಫ್ರೀ, ನಮಗೇನು?" ಅಂತ ಶುರುವಾದದ್ದು ಬೆಲ್ ಹೊಡೆದರೂ ನಿಲ್ಲಲಿಲ್ಲ. ಮುಂದಿನ ಪೀರಿಯಡ್ಡಿನ ಗಣಿತದ ಸರ್ ಬಾಗಿಲಲ್ಲೇ ನಿಂತಿದ್ದರು. ಬೀಜ ಬಾಚಿ ಡಬ್ಬಿಗೆ ಹಾಕಿಕೊಂಡು ಬಂದೆ.