ಸ್ಟೇಬಲ್ ಅನ್ನೋ ಪದ ಮತ್ತು ನನ್ನ ಮೂರು ಇನ್‌ಸ್ಟಾಲ್‌ಗಳು

ಹಳೆಯ ಲ್ಯಾಪ್‌ಟಾಪ್, 4 ಜಿಬಿ ರ್‍ಯಾಮ್. ದಿನದ ಕೆಲಸ ಅದರಲ್ಲೇ. ಅದು ಕೈಕೊಡಬಾರದು ಅಷ್ಟೇ ನನಗೆ ಬೇಕಿದ್ದದ್ದು.

ಮೊದಲು ಹಾಕಿದ್ದು ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್, ಅದರ ಸ್ಟೇಬಲ್ ಆವೃತ್ತಿ. ಒಂದು ವರ್ಷ ಏನೂ ತೊಂದರೆ ಇರಲಿಲ್ಲ. ಆಮೇಲೆ ಫೋಟೋ ತಿದ್ದುವ ಒಂದು ಸಾಫ್ಟ್‌ವೇರಿನ ಹೊಸ ಆವೃತ್ತಿ ಬೇಕಾಯಿತು, ಸ್ಟೇಬಲ್‌ನಲ್ಲಿ ಹಳೆಯದೇ ಇತ್ತು. ಇನ್ನೂ ಪರೀಕ್ಷೆಯಲ್ಲಿರುವ ಪ್ಯಾಕೇಜುಗಳ ಸಂಗ್ರಹವಾದ ಟೆಸ್ಟಿಂಗ್ ರೆಪೊಸಿಟರಿಯ ಒಂದು ಸಾಲನ್ನು ಸೆಟ್ಟಿಂಗ್‌ಗೆ ಸೇರಿಸಿದೆ. ಬೇಕಿದ್ದದ್ದು ಒಂದೇ ಪ್ಯಾಕೇಜ್, ಆದರೆ ಅದು ಹೊಸ ಲಿಬ್‌ಸಿ (ಬಹುತೇಕ ಪ್ರೋಗ್ರಾಮ್‌ಗಳು ನೆಚ್ಚಿಕೊಂಡ ಮೂಲ ಲೈಬ್ರರಿ) ಕೇಳಿತು, ಲಿಬ್‌ಸಿ ಬೆನ್ನಿಗೆ ಇನ್ನೂ ಹತ್ತಾರು ಲೈಬ್ರರಿಗಳು ಬಂದವು, ನಾನು ಪಟ್ಟಿ ಓದದೆ 'ವೈ' ಒತ್ತಿದೆ. ಮುಂದಿನ ಅಪ್‌ಡೇಟ್ ಹೊತ್ತಿಗೆ ಅರ್ಧ ಪ್ಯಾಕೇಜುಗಳು ಒಂದಕ್ಕೊಂದು ಹೊಂದದೆ ಸಿಕ್ಕಿಹಾಕಿಕೊಂಡಿದ್ದವು. ತಪ್ಪು ಡೆಬಿಯನ್‌ನದ್ದಲ್ಲ, ನನ್ನದು. ಅಲ್ಲಿ ಸ್ಟೇಬಲ್ ಅಂದರೆ 'ಬದಲಾಗದ್ದು'. ಸುಮಾರು ಎರಡು ವರ್ಷಕ್ಕೊಮ್ಮೆ ಹೊಸ ಬಿಡುಗಡೆ, ನಡುವೆ ಭದ್ರತೆಯ ಮತ್ತು ದೊಡ್ಡ ದೋಷಗಳ ತಿದ್ದುಪಡಿ ಮಾತ್ರ. ಹೊಸದು ಬೇಕಿದ್ದರೆ ಬ್ಯಾಕ್‌ಪೋರ್ಟ್ಸ್ (ಸ್ಟೇಬಲ್‌ಗೆ ಹೊಂದುವಂತೆ ಕಟ್ಟಿದ ಹೊಸ ಆವೃತ್ತಿಗಳ ಸಂಗ್ರಹ) ನೋಡಬೇಕಿತ್ತು.

ಹೇಗೂ ಮತ್ತೆ ಹಾಕಬೇಕು, ಯುನಿಕ್ಸ್ ವಂಶದ ಇನ್ನೊಂದು ಸಿಸ್ಟಮ್ ಫ್ರೀಬಿಎಸ್‌ಡಿ ನೋಡೋಣ ಅಂದುಕೊಂಡೆ. ಅಲ್ಲೂ ಅದೇ ಪದ ಕಣ್ಣಿಗೆ ಬಿತ್ತು. ಸ್ಟೇಬಲ್ ಅಂತ ಬರೆದಿದ್ದ ಸ್ನ್ಯಾಪ್‌ಶಾಟ್ (ಆಗಿನ ಕೋಡಿನಿಂದ ಕಟ್ಟಿದ ಪ್ರತಿ) ಇಳಿಸಿಕೊಂಡು ಹಾಕಿದೆ. ಸಿದ್ಧ ತಿದ್ದುಪಡಿಗಳನ್ನು ಇಳಿಸಿ ಹಾಕುವ ಫ್ರೀಬಿಎಸ್‌ಡಿ-ಅಪ್‌ಡೇಟ್ ಕಮಾಂಡ್ ಅದಕ್ಕೆ ಕೆಲಸ ಮಾಡಲ್ಲ ಅಂತ ಆಮೇಲೆ ಗೊತ್ತಾಯಿತು. ಫ್ರೀಬಿಎಸ್‌ಡಿಯಲ್ಲಿ ಸ್ಟೇಬಲ್ ಎಂಬುದು ಡೆವಲಪ್‌ಮೆಂಟ್ ಶಾಖೆ. ಪ್ರೋಗ್ರಾಮ್‌ಗಳು ನೆಚ್ಚಿಕೊಂಡ ಇಂಟರ್‌ಫೇಸ್ ಮುರಿಯುವುದಿಲ್ಲ ಅನ್ನುವುದಷ್ಟೇ ಆ ಹೆಸರಿನ ಭರವಸೆ. ನಮ್ಮಂಥವರು ಹಾಕಬೇಕಾದ್ದು 'ರಿಲೀಸ್'. ಎರಡೂ ಯೋಜನೆಗಳು 1993ರಲ್ಲೇ ಶುರುವಾದವು, ಆದರೆ ಒಂದೇ ಪದಕ್ಕೆ ಎರಡು ಅರ್ಥ.

ಮೂರನೇ ಸಲ ಅವಸರ ಮಾಡಲಿಲ್ಲ. ರಿಲೀಸ್ ಇಮೇಜಿನ ಚೆಕ್‌ಸಮ್ (ಫೈಲ್ ಸರಿಯಾಗಿ ಇಳಿದಿದೆಯಾ ಅಂತ ತಿಳಿಸುವ ಸಂಖ್ಯೆ) ತಾಳೆ ನೋಡಿದೆ, ಪೆನ್‌ಡ್ರೈವಿಗೆ ಬರೆದೆ, ವೈಫೈ ಹಿಡಿಯುತ್ತದಾ ಅಂತ ಡಿಸ್ಕ್ ಅಳಿಸುವ ಮೊದಲೇ ಲೈವ್ ಮೋಡ್‌ನಲ್ಲಿ ಪರೀಕ್ಷಿಸಿದೆ. ಇನ್‌ಸ್ಟಾಲರ್‌ನಲ್ಲಿ ಡಿಸ್ಕ್ ಭಾಗ ಮಾಡುವಾಗ ಫೈಲುಗಳನ್ನು ಡಿಸ್ಕಿನಲ್ಲಿ ಇಡುವ ಎರಡು ವ್ಯವಸ್ಥೆಗಳಲ್ಲಿ ಯುಎಫ್‌ಎಸ್ ಬಿಟ್ಟು ಝಡ್‌ಎಫ್‌ಎಸ್ ಆರಿಸಿದೆ. 4 ಜಿಬಿಗೆ ಇದು ಭಾರ ಅಂತ ಜಾಸ್ತಿ ಜನ ಹೇಳುತ್ತಾರೆ. ನಾನು ಅದು ರ್‍ಯಾಮ್‌ನಲ್ಲಿ ಇಟ್ಟುಕೊಳ್ಳುವ ಕ್ಯಾಶ್ ಅನ್ನು 1 ಜಿಬಿಗೆ ಮಿತಿಗೊಳಿಸಿದೆ, ಚೆನ್ನಾಗೇ ನಡೆಯುತ್ತಿದೆ.

ಆ ಆಯ್ಕೆಯಿಂದ ಸಿಕ್ಕಿದ್ದು ಬೂಟ್ ಎನ್ವಿರಾನ್‌ಮೆಂಟ್. ಅಂದರೆ, ಅಪ್‌ಗ್ರೇಡ್‌ಗೆ ಮೊದಲು ಇಡೀ ಸಿಸ್ಟಮ್ಮಿನ ಒಂದು ಪ್ರತಿಯನ್ನು ಹೆಸರು ಕೊಟ್ಟು ಎತ್ತಿಡುವುದು. ಬಿಇಸಿಟಿಎಲ್ ಕ್ರಿಯೇಟ್ ಅಂತ ಒಂದು ಕಮಾಂಡ್, ಒಂದೆರಡು ಕ್ಷಣ ಸಾಕು. ಕಾಪಿ-ಆನ್-ರೈಟ್ (ಬದಲಾದ ಭಾಗವನ್ನಷ್ಟೇ ಬೇರೆ ಕಡೆ ಬರೆಯುವ ವಿಧಾನ) ಆದ್ದರಿಂದ ಮೊದಲಿಗೆ ಜಾಗವನ್ನೂ ತಿನ್ನುವುದಿಲ್ಲ.

ಇದರ ಬೆಲೆ ಒಂದು ರಾತ್ರಿ ಗೊತ್ತಾಯಿತು. ಮೈನರ್ ರಿಲೀಸ್ ಒಂದಕ್ಕೆ ಅಪ್‌ಗ್ರೇಡ್ ಮಾಡಿ ರೀಬೂಟ್ ಕೊಟ್ಟೆ. ಅಕ್ಷರಗಳು ಓಡಿದವು, ಪರದೆ ಒಮ್ಮೆ ಮಿನುಗಿ ಕಪ್ಪಾಯಿತು. ಯಾವ ಕೀ ಒತ್ತಿದರೂ ಉಸಿರಿಲ್ಲ. ಬೆಳಿಗ್ಗೆ ಒಪ್ಪಿಸಬೇಕಾದ ಕೆಲಸ ಅದರೊಳಗೇ ಇತ್ತು, ಎದೆ ಡವಡವ ಅನ್ನುತ್ತಿತ್ತು. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದೆ, ಮತ್ತೆ ಹಾಕಿ ಬೂಟ್ ಮೆನುವಿನಲ್ಲಿ ಸಂಜೆ ಎತ್ತಿಟ್ಟಿದ್ದ ಹೆಸರನ್ನು ಆರಿಸಿದೆ. ಎರಡು ನಿಮಿಷದಲ್ಲಿ ಹಳೆಯ ಕರ್ನಲ್ (ಸಿಸ್ಟಮ್ಮಿನ ತಿರುಳು), ಹಳೆಯ ಪ್ಯಾಕೇಜುಗಳು, ಎಲ್ಲ ವಾಪಸ್. ಹೋಮ್ ಫೋಲ್ಡರ್ ಬೇರೆ ಡೇಟಾಸೆಟ್ (ಆ ಪ್ರತಿಯಲ್ಲಿ ಸೇರದ ಪ್ರತ್ಯೇಕ ವಿಭಾಗ) ಆದ್ದರಿಂದ ನನ್ನ ಫೈಲುಗಳು ಇದ್ದ ಹಾಗೇ ಇದ್ದವು.

ಕಾರಣ ಮರುದಿನ ಸಿಕ್ಕಿತು. ಗ್ರಾಫಿಕ್ಸ್ ಡ್ರೈವರ್ ಫ್ರೀಬಿಎಸ್‌ಡಿಯಲ್ಲಿ ಮೂಲ (ಬೇಸ್) ಸಿಸ್ಟಮ್ಮಿನ ಭಾಗವಲ್ಲ, ಬೇರೆ ಪ್ಯಾಕೇಜಾಗಿ ಬರುವ ಕರ್ನಲ್ ಮಾಡ್ಯೂಲ್. ನನ್ನ ಬಳಿ ಇದ್ದದ್ದು ಹಿಂದಿನ ಕರ್ನಲ್‌ಗೆ ಕಟ್ಟಿದ್ದು. ಮೂಲ ಕೋಡಿನಿಂದ ಕಟ್ಟಿಕೊಳ್ಳುವ ಪೋರ್ಟ್ಸ್ ಸಂಗ್ರಹದಿಂದ ಹೊಸ ಕರ್ನಲ್‌ಗೆ ಅದನ್ನು ಕಟ್ಟಿಕೊಂಡೆ, ಸರಿಹೋಯಿತು. ಇನ್ನೊಂದು ಮಾತು, ಆ ಮಾಡ್ಯೂಲನ್ನು ಲೋಡರ್ ಫೈಲಿನಲ್ಲಿ (ಕರ್ನಲ್ ಶುರುವಾಗುವ ಮೊದಲೇ ಓದುವುದು) ಬರೆಯಬೇಡಿ, ಆರ್‌ಸಿ ಫೈಲಿನಲ್ಲಿ (ಆಮೇಲೆ ಓದುವುದು) ಬರೆಯಿರಿ. ಆಗ ಕೆಟ್ಟರೂ ಸಿಂಗಲ್ ಯೂಸರ್ ಮೋಡ್‌ಗೆ (ಆರ್‌ಸಿ ಫೈಲಿನ ಸಾಲುಗಳು ಓಡುವ ಮೊದಲೇ ನಿಲ್ಲುವ ಕನಿಷ್ಠ ಬೂಟ್) ಹೋಗಿ ಆ ಸಾಲು ಅಳಿಸಬಹುದು.

ಈಗ ಪ್ರತಿ ಅಪ್‌ಗ್ರೇಡ್‌ಗೆ ಮೊದಲು ತಾರೀಖಿನ ಹೆಸರಲ್ಲಿ ಒಂದು ಪ್ರತಿ ಎತ್ತಿಡುತ್ತೇನೆ. ಎರಡು ವಾರ ತೊಂದರೆ ಬರದಿದ್ದರೆ ಹಳೆಯದನ್ನು ಅಳಿಸುತ್ತೇನೆ, ಇಲ್ಲದಿದ್ದರೆ ಡಿಸ್ಕ್ ಮೆಲ್ಲಗೆ ತುಂಬುತ್ತದೆ.